ತೌಡಿಗೆ ಮಾರಿದ ಮಗಳು

ನನ್ನ ಮಗಳ ಹುಟ್ಟುಹಬ್ಬಕ್ಕೆ ನಾನೂ ನನ್ನ ಹೆಂಡತಿ ನೀಲಕ್ಕನೂ ಪ್ರತಿ ವರ್ಷ ಪಾವ್ಣೇರಾಗಿ, ನೆಂಟರ ಹಾಗೆ, ಹೋಗುತ್ತಿದ್ದೆವು. ಹಾಸಿದ ಚಾಪೆಯ ಮೇಲೆ ಕುಳಿತು, ಕೊಟ್ಟದ್ದನ್ನು ತಿಂದು, ಮಗುವಿನ ಕೈಯಲ್ಲಿ ಏನಾದರೂ ಇಟ್ಟು, "ಇನ್ನ ಬರ್ತೀವ್ರಿ" ಎಂದು ಮನೆಯವರಿಗೆ ಹೇಳಿ ಏಳುತ್ತಿದ್ದೆವು. ಬರುವಾಗ ಮಗಳನ್ನೂ ಕರೆದುಕೊಂಡು ಬರುತ್ತಿದ್ದೆವು, ಯಾಕೆಂದರೆ ಅವಳು ಇರುತ್ತಿದ್ದುದು ನಮ್ಮ ಮನೆಯಲ್ಲೇ. ಕೇಳಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಹೇಗಾಯಿತೆಂದು ಹೇಳುತ್ತೇನೆ.

ನಮಗೆ ಮೊದಲು ಹುಟ್ಟಿದ್ದು ಗಂಡುಮಗು. ಆಗ ನಾವು ಹಳಿಯಾಳದಲ್ಲಿದ್ದೆವು. ಮಗುವಿಗೆ ವರ್ಷ ತುಂಬಿದ ದಿನ ಜವಳ ತೆಗೆಸಿ, ಜಂಗಮರನ್ನು ಕರೆದು ಪಾದಪೂಜೆ ಮಾಡಿ, ಓಣಿಗೆಲ್ಲ ಹೋಳಿಗೆ ಬಡಿಸಿದೆವು. ಉಂಡವರೆಲ್ಲ ಕೈ ತೊಳೆಯುತ್ತ "ನೂರು ವರ್ಷ ಬಾಳಲಿ" ಎಂದು ಹರಸಿ ಹೋದರು. ಆ ಮಳೆಗಾಲ ಮುಗಿಯುವುದರೊಳಗೆ ಮಗು ಜ್ವರ ಬಂದು ಹೋಯಿತು. ಎರಡನೆಯದು ಹೆಣ್ಣು. ಅದಕ್ಕೆ ನಾವು ಯಾವ ಹಬ್ಬವನ್ನೂ ಮಾಡಲಿಲ್ಲ. ಅದು ವರ್ಷ ತುಂಬುವ ಮೊದಲೇ ಹೋಯಿತು.

"ಹಬ್ಬ ಮಾಡಿದ್ದಕ್ಕ ದೃಷ್ಟಿ ತಾಗಿ ಹೋತು ಅಂತಿದ್ದಿ. ಈಗ ಹಬ್ಬಾನ ಮಾಡಲಿಲ್ಲಲ್ಲ?" ಎಂದು ನಾನು ನೀಲಕ್ಕನಿಗೆ ತಿಳಿಹೇಳಲು ಹೋದೆ.

ಅವಳು ಎದ್ದು ಹೋಗಿ ಟ್ರಂಕಿನಿಂದ ಒಂದು ತುಂಡು ಬಟ್ಟೆ ತೆಗೆದು ತಂದಳು. ಸಣ್ಣ ಸಣ್ಣ ಗುಲಾಬಿ ಹೂವಿನ ಬಟ್ಟೆ.

"ಅಂಗಿ ಹೊಲಸಾಕ ತಂದಿಟ್ಟಿದ್ನಿ. ಮನಸಿನ್ಯಾಗ ಮಾಡಿದ್ನಲ್ಲ ಹಬ್ಬಾನ."

ಲಿಂಗಪೂಜೆ ಮಾಡದೆ ನಾನು ನೀರು ಮುಟ್ಟುವವನಲ್ಲ. ಶಿವಭಕ್ತನ ಮನೆಯ ಕಡೆ ಯಮ ತಲೆಹಾಕುವುದಿಲ್ಲ ಎಂದು ಪ್ರತಿ ಶ್ರಾವಣದಲ್ಲಿ ಓಣಿಯವರಿಗೆ ಪುರಾಣ ಓದಿ ಅರ್ಥ ಹೇಳುತ್ತಿದ್ದವನೂ ನಾನೇ. ಯಮ ಎರಡು ಸಾರಿ ನಮ್ಮ ಮನೆಗೇ ಬಂದು ಹೋದ ಮೇಲೆ, ಆ ಭಾಗ ಬಂದಾಗ ಸ್ವಲ್ಪ ಬೇಗ ಬೇಗ ಓದಿ ಮುಂದಕ್ಕೆ ಹೋಗುತ್ತಿದ್ದೆ.

ಮೂರನೆಯ ಹೆರಿಗೆ ಆಗುತ್ತಲೇ ನನ್ನ ಅಕ್ಕ ಶಿವಗಂಗವ್ವ ಬಂದು ಕುಳಿತು ಎಲ್ಲ ವ್ಯವಸ್ಥೆಯನ್ನೂ ತಾನೇ ಕೈಗೆ ತೆಗೆದುಕೊಂಡಳು. ಮಕ್ಕಳು ಉಳಿಯದ ಮನೆಯಲ್ಲಿ ಹಿರಿಯರು ಮಾಡುತ್ತಿದ್ದ ಉಪಾಯ ಅದು: ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಬಿಡಬೇಕು, ಬೇರೆ ಜನದವರು ಯಾರಾದರೂ ಬಂದು ಅದನ್ನು ಒಂದು ಮೊರ ತೌಡು ಕೊಟ್ಟು ಕೊಂಡುಕೊಳ್ಳಬೇಕು. ಆಮೇಲೆ ಆ ಕೂಸು ನಮ್ಮದಲ್ಲ. ನಮ್ಮ ಮಕ್ಕಳನ್ನು ಹುಡುಕಿಕೊಂಡು ಬಂದ ಯಮನಿಗೆ ನಮ್ಮ ಮನೆಯಲ್ಲಿ ನಮ್ಮ ಮಕ್ಕಳೇ ಸಿಗುವುದಿಲ್ಲ. ದೇವರ ಮೇಲೆ ಭಾರ ಹಾಕಬೇಕು ಎಂದು ನಾನು ಹೇಳಿದ್ದಕ್ಕೆ ಅಕ್ಕ, "ಹಾಕೂಣು. ತೌಡನೂ ತರ್ಸು" ಎಂದಳು.

ಕೊಳ್ಳಲು ಒಪ್ಪಿದವಳು ಖತೀಜಾಬಿ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಲ್ಲಿ ಸಿದ್ದಿಯವರ ಒಂದು ಕೇರಿಯಿದೆ, ಅಲ್ಲಿಯವಳು. ನಮ್ಮ ಓಣಿಗೆ ಸೌದೆ ಹೊತ್ತು ತರುತ್ತಿದ್ದಳು. ಬಾಯಿ ಜೋರು. ಸೌದೆ ಹಸಿ ಇದೆ ಎಂದವರಿಗೆ "ನಿಮ್ಮ ಒಲಿ ಸುಮಾರೈತಿ" ಎನ್ನುವ ಹೆಂಗಸು. ಅವಳಿಗೆ ಮಕ್ಕಳಿರಲಿಲ್ಲ.

ಅಕ್ಕ ಕಲಿಸಿಕೊಟ್ಟ ಹಾಗೆ ಅವಳು ಬೆಳಗಾಗುತ್ತಲೇ ತಿಪ್ಪೆಯ ಹತ್ತಿರ ಬಂದು ನಿಂತು ಗಲ್ಲಕ್ಕೆ ಕೈ ಹಚ್ಚಿದಳು.

"ಅಯ್ಯ, ಯಾರದಿದು ಕೂಸು, ತಿಪ್ಪಿ ಮ್ಯಾಲ?"

"ಯಾರದೋ ಕಸ. ಬೇಕಾದ್ರ ಒಯ್ಯವಾ" ಎಂದಳು ನೀಲಕ್ಕ, ಬಾಗಿಲಿಗೆ ಆತುಕೊಂಡು. ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಬಾಗಿಲ ಚೌಕಟ್ಟನ್ನು ಬಿಟ್ಟಿರಲಿಲ್ಲ.

"ಪುಕ್ಕಟ ಬ್ಯಾಡ. ತಗೋ, ತೌಡು."

ತೌಡನ್ನು ಸುರಿದು ಕೂಸನ್ನು ಎತ್ತಿಕೊಂಡಳು. ಮುಂದೆ ಅವಳು ಹೇಳಬೇಕಾಗಿದ್ದ ಮಾತು ಒಂದೇ: ನನಗೆ ಕಾಡಿಗೆ ಹೋಗುವುದಿದೆ, ಈ ಕೂಸನ್ನು ನೀನು ಸಾಕು. ಅದನ್ನು ಹೇಳಿದಳು. ಆಮೇಲೆ ಯಾರೂ ಕಲಿಸದ ಇನ್ನೊಂದು ಮಾತನ್ನೂ ಸೇರಿಸಿದಳು:

"ಹೊತ್ತಿಗೆ ಸರಿಯಾಗಿ ಹಾಲು ಕುಡಸು. ನಾ ಬಂದು ನೋಡ್ತೇನಿ."

ಆ ತೌಡನ್ನು ಸಂಜೆ ಎಮ್ಮೆ ತಿಂದಿತು. ಮಗುವಿಗೆ ತಿಪ್ಪವ್ವ ಎಂದು ಹೆಸರಿಟ್ಟೆವು. ಯಮನಿಗೆ ಇಂಥ ಹೆಸರು ಅಸಹ್ಯವೆಂದು ಅಕ್ಕನ ಅಭಿಪ್ರಾಯ. ಸಂಪ್ರದಾಯದಂತೆ ಐದು ವರ್ಷ ತುಂಬಿದ ಮೇಲೆ ಅಷ್ಟೇ ತೌಡನ್ನು ತಿರುಗಿ ಕೊಟ್ಟು ಕೂಸನ್ನು ಬಿಡಿಸಿಕೊಳ್ಳಬೇಕು. ನಮ್ಮ ತಿಪ್ಪವ್ವನಿಗೆ ಐದು ತುಂಬಲೇ ಇಲ್ಲ. ಯಾರು ಕೇಳಿದರೂ ನೀಲಕ್ಕ ವರ್ಷ ಇಳಿಸಿಯೇ ಹೇಳುತ್ತಿದ್ದಳು. ಯಮನಿಗೆ ಮಕ್ಕಳನ್ನು ಹುಡುಕಲು ಬರುತ್ತದೆ, ಎಣಿಸಲು ಬರುವುದಿಲ್ಲ ಎಂದು ಅವಳ ನಂಬಿಕೆ. ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗಲೂ ಹಾಗೆಯೇ ಹೇಳಿ, "ಇನ್ನೂ ಸಣ್ಣಾಕಿ ಅದಾಳ್ರಿ, ಬರೂ ವರ್ಷ ಕರ್ಕೊಂಡ ಬರ್ರಿ" ಎನ್ನಿಸಿಕೊಂಡು ತಿರುಗಿ ಕರೆತಂದಳು. ಮಗು ಆ ದಿನವೆಲ್ಲ ಪಾಟಿ ಹಿಡಿದುಕೊಂಡು ಅತ್ತಿತು.

ಖತೀಜಾಬಿ ಹೇಳಿದ ಹಾಗೆ ಬಂದು ನೋಡುತ್ತಲೂ ಇದ್ದಳು. ಸೌದೆ ಇಳಿಸಿ ಒಳಗೆ ಹಣಕಿ, "ಯಾಕ ಇಷ್ಟ ಸೊರಗ್ಯಾಳ ನನ್ನ ಮಗಳು? ಹಾಲೆಲ್ಲಾ ನೀನ ಕುಡೀತಿ ಏನ ನೀಲಕ್ಕ?" ಎಂದು ಓಣಿಗೆಲ್ಲ ಕೇಳುವಂತೆ ಬಯ್ಯುತ್ತಿದ್ದಳು. ಬೇರೆ ಯಾವ ತಾಯಿಯಾದರೂ ಜಗಳಕ್ಕೆ ನಿಲ್ಲುತ್ತಿದ್ದಳು. ನೀಲಕ್ಕನಿಗೆ ಇದರಷ್ಟು ಸಂತೋಷದ ಮಾತು ಬೇರೆ ಇರಲಿಲ್ಲ. ಕೇಳಬೇಕಾದವನಿಗೆ ಕೇಳಿಸಿತಲ್ಲ ಎಂದು.

ಮುಂದೆ ನನಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತಿಕೆ ಸಿಕ್ಕಿ ನಾವು ಬಂಗೂರನಗರಕ್ಕೆ ಬಂದೆವು. ಅಲ್ಲಿ ಸಾಲು ಸಾಲು ಮನೆ, ಮನೆಗೊಂದು ನಲ್ಲಿ, ಮತ್ತು ಮನೆಮನೆಗೂ ಮಕ್ಕಳ ಹುಟ್ಟುಹಬ್ಬ. ನಾವು ಅಲ್ಲಿಯ ತನಕ ಹುಟ್ಟುಹಬ್ಬವನ್ನು ತಿಥಿ ನೋಡಿ ದೇವರಿಗೆ ನೈವೇದ್ಯ ಮಾಡಿ ಮುಗಿಸುತ್ತಿದ್ದವರು. ಇಲ್ಲಿ ಬಣ್ಣದ ಕಾಗದ, ಗಾಳಿ ಊದಿ ಕಟ್ಟಿದ ಫುಗ್ಗೆ, ಬೆಳಗಾವಿಯಿಂದ ತರಿಸಿದ ಕೇಕು. ಎಪ್ಪತ್ತೊಂದನೆಯ ಇಸವಿಯ ಚಳಿಗಾಲದಲ್ಲಿ ಪಕ್ಕದ ಮನೆಯ ಸುಶೀಲವ್ವನ ಮಗನಿಗೆ ಹುಟ್ಟುಹಬ್ಬವಾಯಿತು. ತಿಪ್ಪವ್ವ ಹೋಗಿ ಬಂದಳು, ತಲೆಯ ಮೇಲೆ ಕಾಗದದ ಚೂಪು ಟೋಪಿ, ಕೈಯಲ್ಲಿ ಕೆಂಪು ಫುಗ್ಗೆ.

"ಅವ್ವಾ, ಅಲ್ಲೆ ಮೇಣಬತ್ತಿ ಹಚ್ಚಿದ್ರು. ಆಮ್ಯಾಲ ಅಂವಾ ಉಫ್ ಅಂತ ಊದಿ ಆರಿಸಿದ. ಎಲ್ಲಾರೂ ಚಪ್ಪಾಳಿ ಹೊಡದ್ರು!"

ದೀಪ ಆರಿತು ಎನ್ನುವ ಮಾತನ್ನೂ ಬಾಯಲ್ಲಿ ತಾರದೆ ಶಾಂತವಾಯಿತು ಎನ್ನುವ ಮನೆ ನಮ್ಮದು. ಮಗನ ಹೆಸರಿನಲ್ಲಿ ಹಚ್ಚಿದ ದೀಪವನ್ನು ಮಗನ ಬಾಯಿಂದಲೇ ಆರಿಸಿ ಚಪ್ಪಾಳೆ ತಟ್ಟಿದರು ಎಂದು ಕೇಳಿ ನೀಲಕ್ಕ ಅಕ್ಕಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನನ್ನ ಹುಟ್ಟಹಬ್ಬ ಯಾವಾಗ ಅವ್ವಾ?"

"ನಿನಗಿಲ್ಲ."

"ಯಾಕಿಲ್ಲ? ನಾ ಹುಟ್ಟಿಲ್ಲೇನು?"

ನಾನು ನಕ್ಕುಬಿಟ್ಟೆ. ನೀಲಕ್ಕ ನನ್ನನ್ನು ದುರುಗುಟ್ಟಿ ನೋಡಿ, ಮಗುವನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚುತ್ತ, ತಲೆಯ ಮೇಲಿನ ಮಾಡಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು: "ನೀ ನಮ್ಮಾಕಿ ಅಲ್ಲ. ನೀ ಖತೀಜಾಬಿ ಮಗಳು. ಆಕಿ ನಿನ್ನ ತೌಡ ಕೊಟ್ಟು ತಗೊಂಡಾಳ. ನಿನ್ನ ಹುಟ್ಟಹಬ್ಬ ನಮಗೇನ ಗೊತ್ತು?"

ಅವಳು ಯಮನಿಗೆ ಹೇಳುತ್ತಿದ್ದಳು. ಕೇಳಿಸಿಕೊಂಡದ್ದು ಮಗು.

ಮರುದಿನ ಭಾನುವಾರ. ನಾನು ಪೂಜೆ ಮುಗಿಸಿ ಏಳುವಷ್ಟರಲ್ಲಿ ತಿಪ್ಪವ್ವ ಮನೆಯಲ್ಲಿರಲಿಲ್ಲ. ಟೋಪಿ ಇರಲಿಲ್ಲ, ಫುಗ್ಗೆಯೂ ಇರಲಿಲ್ಲ. ಸುಶೀಲವ್ವನ ಮನೆ, ನಲ್ಲಿಯ ಹತ್ತಿರ, ಹೊಳೆಯ ಕಡೆ, ಎಲ್ಲ ಕಡೆ ಹುಡುಕಿದೆವು. ಹೊಳೆಯ ಕಡೆ ಹೋಗುವಾಗ ನೀಲಕ್ಕ ನನಗಿಂತ ಮುಂದೆ ಓಡಿದಳು. ಕೊನೆಗೆ ಬಸ್‌ಸ್ಟ್ಯಾಂಡಿನ ಚಹದಂಗಡಿಯ ಪರಸಪ್ಪ ನಮ್ಮನ್ನು ಕೂಗಿ ನಿಲ್ಲಿಸಿದ.

"ನಿಮ್ಮ ಹುಡುಗಿ ಹಳಿಯಾಳ ಬಸ್ಸ ಹತ್ತಿದ್ಲಲ್ರಿ, ಟೊಪ್ಪಿಗಿ ಹಾಕ್ಕೊಂಡು! ಕಂಡಕ್ಟರ್ ಯಾರ ಮಗಳವಾ ಅಂದ. ಖತೀಜಾಬಿ ಮಗಳು ಅಂದ್ಲು. ಅಂವಾ ಆಕಿ ಹಣೀ ಮ್ಯಾಲಿನ ಇಬತ್ತಿ ನೋಡಿದ, ಕೊರಳಾಗಿನ ಲಿಂಗ ನೋಡಿದ. ಟಿಕೇಟ ಅಂದ್ರ, ನಮ್ಮವ್ವ ಕೊಡ್ತಾಳ ಅಂದ್ಲು. ಬಸ್ಸಿನ್ಯಾಗ ಇದ್ದವ್ರೆಲ್ಲಾ ಹೊಟ್ಟಿ ಹಿಡ್ಕೊಂಡು ನಕ್ಕರ್ರಿ. ಖತೀಜಾಬಿನ ಎಲ್ಲಾರಿಗೂ ಗೊತ್ತು, ಕೇರಿ ಮುಂದ ಇಳಸ್ತಾನ, ಗಾಬ್ರಿ ಆಗಬ್ಯಾಡ್ರಿ."

ಮುಂದಿನ ಬಸ್ಸು ಬರುವ ತನಕ ನೀಲಕ್ಕ ನಿಂತೇ ಇದ್ದಳು. ಬಸ್ಸು ಹತ್ತಿದ ಮೇಲೆ ನನಗೆ ಮಾತ್ರ ಕೇಳಿಸುವಂತೆ, "ಇವತ್ತ ಬಿಡಿಸ್ಕೊಳ್ಳೂಣ್ರಿ. ನಾ ಇನ್ನ ತಾಳೂದಿಲ್ಲ" ಎಂದಳು. ಇಷ್ಟು ವರ್ಷ ನಾನು ಬಿಡಿಸಿಕೊಳ್ಳೋಣ ಎಂದಾಗಲೆಲ್ಲ ಬೇಡ ಎಂದವಳು ಅವಳೇ.

ಕೇರಿಯ ಮುಂದೆ ಇಳಿಯುವಾಗಲೇ ಡೋಲಿನ ಸದ್ದು ಕೇಳಿಸಿತು. ಖತೀಜಾಬಿಯ ಅಂಗಳ ಸಾರಿಸಿತ್ತು. ನಡುವೆ ಬೀಸುವ ಕಲ್ಲನ್ನು ಮಗುಚಿ, ಅದರ ಮೇಲೆ ಕಂಬಳಿ ಹಾಸಿ, ಕಂಬಳಿಯ ಮೇಲೆ ನಮ್ಮ ತಿಪ್ಪವ್ವ ಕುಳಿತಿದ್ದಳು. ಎಣ್ಣೆ ಹಚ್ಚಿದ ತಲೆಗೆ ಕಾಡುಹೂವಿನ ದಂಡೆ, ಅದರ ಮೇಲೆ ಆ ಟೋಪಿ. ನೆರೆಮನೆಯ ಜುಜೆ ಎಂಬ ಮುದುಕ ಡೋಲು ಬಾರಿಸುತ್ತಿದ್ದ. ಕೇರಿಯ ಹೆಂಗಸರು ಕೈ ಹಿಡಿದು ಕುಣಿಯುತ್ತಿದ್ದರು. ಒಲೆಯ ಮೇಲೆ ರವೆಯ ಶಿರಾ ಬೇಯುತ್ತಿತ್ತು.

ನಮ್ಮನ್ನು ನೋಡಿ ಮಗು ಇಳಿದು ಓಡಿ ಬರಲಿಲ್ಲ. ಕುಳಿತಲ್ಲಿಂದಲೇ ದೊಡ್ಡವರಂತೆ ಕೈ ಬೀಸಿ, "ಬರ್ರಿ ಬರ್ರಿ, ಕುಂದರ್ರಿ. ಖತೀಜವ್ವಾ, ಪಾವ್ಣೇರು ಬಂದಾರ!" ಎಂದಳು.

ಖತೀಜಾಬಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಏನ ಅಣ್ಣಾರ, ಸಾಕಾಕ ಕೊಟ್ಟ ಕೂಸು ಒಬ್ಬಾಕೀನ ಬಸ್ಸ ಹತ್ತಿ ಬರ್ತೈತಿ. ಹಿಂಗೇನ ಸಾಕೂದು?"

"ನಿನಗ ಹೆಂಗ ಗೊತ್ತಾತು, ಇವತ್ತ ಆಕಿ ಹುಟ್ಟಿದ ದಿನಾ ಅಂತ?" ಎಂದು ನಾನು ಕೇಳಿದೆ. ಅದು ಅವಳು ಹುಟ್ಟಿದ ದಿನವಾಗಿರಲಿಲ್ಲ. ಅವಳು ಹುಟ್ಟಿದ್ದು ಬೇಸಿಗೆಯಲ್ಲಿ.

"ನನಗೇನ ಗೊತ್ತು? ಮಗಳು ಬಂದ್ಲು, ಅವ್ವಾ ನನಗ ಹುಟ್ಟಹಬ್ಬ ಮಾಡು ಅಂದ್ಲು. ಮಾಡಾಕ ಹತ್ತೇನಿ. ದಿನಾ ಯಾರ ಕೇಳ್ಯಾರ?"

ನೀಲಕ್ಕ ಅಂಗಳದ ಅಂಚಿನಲ್ಲಿ ನಿಂತುಬಿಟ್ಟಿದ್ದಳು. ಬಿಡಿಸಿಕೊಳ್ಳುವ ಮಾತನ್ನು ಈಗ ತೆಗೆಯುತ್ತಾಳೆ ಎಂದು ನಾನು ಕಾದೆ. ಅವಳ ಮುಖ ನೋಡನೋಡುತ್ತಿದ್ದಂತೆ ಬದಲಾಯಿತು. ಅಂಗಡಿಯಲ್ಲಿ ಬಹಳ ಹೊತ್ತು ಹುಡುಕಿದ ಬಣ್ಣದ ಸೀರೆ ಸಿಕ್ಕವಳಂತೆ ಆದಳು.

"ರೀ, ನೋಡ್ರಿ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ದಿನಾ ತಪ್ಪು. ಮನಿ ತಪ್ಪು. ತಾಯಿ ತಪ್ಪು. ಇದ್ರಾಗ ಹುಡಕಾಕ ಬಂದಾಂವಾ ಏನ ತಿಳ್ಕೊಂಡಾನು?"

ನಾವು ಪಾವ್ಣೇರಾಗಿ ಚಾಪೆಯ ಮೇಲೆ ಕುಳಿತೆವು. ಆಗ ನನ್ನ ಸಂಕಟ ಶುರುವಾಯಿತು. ಹುಟ್ಟಿದಾಗಿನಿಂದ ಲಿಂಗವಂತರಲ್ಲದವರ ಮನೆಯಲ್ಲಿ ನಾನು ಏನನ್ನೂ ಬಾಯಿಗಿಟ್ಟವನಲ್ಲ. ಎಲ್ಲರೂ ಶಿವನ ಮಕ್ಕಳು ಎಂದು ಪುರಾಣ ಹೇಳುವಾಗ ನನ್ನ ಬಾಯಿ ಚೆನ್ನಾಗಿಯೇ ತೆರೆಯುತ್ತಿತ್ತು. ಎಲೆಯ ಮೇಲೆ ಶಿರಾ ಬಂದಾಗ ಅದು ಮುಚ್ಚಿಕೊಂಡಿತು. ಖತೀಜಾಬಿಗೆ ಇದು ಗೊತ್ತಿದ್ದೇ ಇತ್ತು. ಸೊಂಟದ ಮೇಲೆ ಕೈಯಿಟ್ಟು ನಿಂತು ಮಜಾ ನೋಡುತ್ತಿದ್ದಳು. ಮಗು ಬಂದು ನನ್ನ ಎಲೆಯಿಂದ ಒಂದು ತುತ್ತು ತೆಗೆದು ನನ್ನ ಮೀಸೆಯ ಹತ್ತಿರ ಹಿಡಿಯಿತು.

"ಉಣ್ಣಪಾ. ಪಾವ್ಣೇರು ಉಣ್ಣದ ನಾ ಉಣ್ಣಾಂಗಿಲ್ಲ. ನನಗ ಹಸಿವ್ಯಾಗೇತಿ."

ತಿಂದೆ. ಸಕ್ಕರೆ ಹೆಚ್ಚಾಗಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ವರ್ಷದಲ್ಲಿ ಯಾವುದೋ ಒಂದು ದಿನ ತಿಪ್ಪವ್ವ, "ಇವತ್ತ ನನ್ನ ಹುಟ್ಟಹಬ್ಬ" ಎನ್ನುವಳು. ನಾವು ಹಳಿಯಾಳದ ಬಸ್ಸು ಹತ್ತುವೆವು. ಒಮ್ಮೆ ಅದು ಯುಗಾದಿಯ ಮರುದಿನ ಬಂತು, ಇನ್ನೊಮ್ಮೆ ಪರೀಕ್ಷೆಯ ಮುನ್ನಾದಿನ. ಒಂದು ವರ್ಷ ಎರಡು ಸಲ ಬಂತು. ಖತೀಜಾಬಿ ಎರಡು ಸಲವೂ ಶಿರಾ ಮಾಡಿದಳು. ನೀಲಕ್ಕ ಪ್ರತಿ ಸಲ ಆ ಅಂಗಳದಲ್ಲಿ ಕುಳಿತು, "ಚೆಂದ ಅದಾಳವಾ ನಿನ್ನ ಮಗಳು" ಎಂದು ಖತೀಜಾಬಿಗೆ ಹೇಳುವಳು. ತನ್ನ ಮಗಳನ್ನು ಚೆಂದವಿದ್ದಾಳೆ ಎಂದು ಬಾಯ್ತುಂಬ ಹೇಳಲು ಅವಳಿಗೆ ವರ್ಷಕ್ಕೆ ಅದೊಂದೇ ದಿನ, ಅದೊಂದೇ ಜಾಗ.

ಆಮೇಲೆ ಒಂದು ವರ್ಷ ತಿಪ್ಪವ್ವ ಕೇಳಲಿಲ್ಲ. ಹೈಸ್ಕೂಲಿಗೆ ಹೋಗುತ್ತಿದ್ದಳು. ಎರಡು ಜಡೆ, ಇಸ್ತ್ರಿ ಮಾಡಿದ ಲಂಗ. ಶಾಲೆಯಲ್ಲಿ ತಿಪ್ಪವ್ವ ಎನ್ನಲು ನಾಚಿ ಹೆಸರಿನ ಮೊದಲ ಅಕ್ಷರವನ್ನಷ್ಟೇ ಹೇಳುತ್ತಿದ್ದಳು. ಯುಗಾದಿ ಹೋಯಿತು, ದೀಪಾವಳಿ ಹೋಯಿತು.

"ಈ ವರ್ಷ ಆಕಿ ಕೇಳಲಿಲ್ಲಲ್ರಿ?" ಎಂದಳು ನೀಲಕ್ಕ, ರೊಟ್ಟಿ ಬಡಿಯುತ್ತ.

"ದೊಡ್ಡಾಕಿ ಆದ್ಲು."

"ಹಂಗಂದ್ರ? ದೊಡ್ಡವ್ರು ಹುಟ್ಟಿಲ್ಲೇನು?"

ಹುಟ್ಟುಹಬ್ಬದ ಹೆಸರೆತ್ತಿದರೆ ಬೆಚ್ಚುತ್ತಿದ್ದವಳು ಹೀಗೆ ದಾರಿ ಕಾಯುವಂತಾದಳು. ಮಗುವಿಗೆ ವರ್ಷ ತುಂಬಿದ್ದು ಯಮನಿಗೆ ಗೊತ್ತಾಗಬಾರದು ಎಂದು ಇಷ್ಟೆಲ್ಲ ಮಾಡಿದವರು ನಾವು. ತುಂಬಿದ್ದು ನಮಗೇ ಗೊತ್ತಾಗಲಿಲ್ಲ.

ಎಂಬತ್ತಮೂರನೆಯ ಇಸವಿಯಲ್ಲಿ ನೀಲಕ್ಕ ಲಿಂಗೈಕ್ಯಳಾದಳು. ನಾಲ್ಕು ದಿನ ಎದೆನೋವು ಎಂದಳು, ಐದನೆಯ ದಿನ ಇಲ್ಲ. ಮಗಳ ವಯಸ್ಸು, ಹೆಸರು, ಮನೆ, ತಾಯಿ ಎಲ್ಲವನ್ನೂ ಯಮನಿಂದ ಬಚ್ಚಿಟ್ಟವಳು. ತನ್ನನ್ನು ಯಾರಿಗಾದರೂ ಒಂದು ಮೊರ ತೌಡಿಗೆ ಮಾರಿಕೊಳ್ಳಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಶಿವನಿಚ್ಛೆ ಎಂದು ಬಂದವರಿಗೆಲ್ಲ ನಾನೇ ಹೇಳಿದೆ. ಬಂದವರು ಹೋದ ಮೇಲೆ, ಇಂಥ ಇಚ್ಛೆ ಯಾಕಪ್ಪಾ ಎಂದು ಶಿವನನ್ನು ಕೇಳಿದೆ. ಈಗಲೂ ಪೂಜೆಗೆ ಕುಳಿತಾಗ ಕೇಳುವುದುಂಟು.

ಎರಡು ವರ್ಷ ಕಳೆದು ಮುಂಡಗೋಡ ಕಡೆಯ ಇಂದೂರಿನಿಂದ ತಿಪ್ಪವ್ವನನ್ನು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಹುಡುಗ ಶಾಲೆಯ ಮಾಸ್ತರ. ಅಕ್ಕ ಶಿವಗಂಗವ್ವ ಕೋಲೂರಿಕೊಂಡು ಬಂದು ಮೊದಲು ಹೇಳಿದ ಮಾತು ಇದು: "ಮಾರಿದ ಮಗಳನ್ನ ಬಿಡಿಸಿಕೊಳ್ಳದ ಹೆಂಗ ತೋರಸ್ತಿ? ನಾಳೆ ಧಾರಿ ಎರಿಯಾಕ ನಿನಗೇನ ಹಕ್ಕೈತಿ? ಮೊದಲ ತೌಡ ಕೊಟ್ಟ ಬಾ."

ಒಂದು ಚೀಲದಲ್ಲಿ ತೌಡು ಹಾಕಿಕೊಂಡು ಬಸ್ಸು ಹತ್ತಿದೆ. ತಿಪ್ಪವ್ವನೂ ಬಂದಳು. ಖತೀಜಾಬಿಗೆ ಆಗಲೇ ತಲೆ ನೆರೆತು, ನಡು ಬಗ್ಗಿತ್ತು. ಬಾಯಿ ಬಗ್ಗಿರಲಿಲ್ಲ. ಚೀಲ ನೋಡಿ ಬಂದ ಕೆಲಸ ಅವಳಿಗೆ ತಿಳಿಯಿತು.

"ಮಾರಿದಾಕಿ ನೀಲಕ್ಕ. ನೀವ್ಯಾರ್ರಿ ಬಿಡಿಸ್ಕೊಳ್ಳಾಕ?"

"ನಾ ಆಕಿ ಅಪ್ಪ."

"ಅವತ್ತ ತಿಪ್ಪಿ ಹತ್ರ ನಿಮ್ಮನ್ನ ನಾ ಕಾಣ್ಲಿಲ್ಲ. ಒಳಗ ಪೂಜಿ ಮಾಡಾಕ ಹತ್ತಿದ್ರಿ."

ಅದು ನಿಜ. ನಾನು ಚೀಲದ ಬಾಯಿ ಬಿಚ್ಚಿದೆ. ಅವಳು ಒಂದು ಹಿಡಿ ತೌಡು ತೆಗೆದು ಮೂಸಿ, "ಮುಗ್ಗ ಹಿಡದೈತಿ" ಎಂದು ಚೆಲ್ಲಿದಳು. ಕೋಳಿಗಳು ಓಡಿಬಂದವು. ಆಮೇಲೆ ಧ್ವನಿ ಇಳಿಸಿ, "ನಿಮ್ಮ ಹುಡುಗಿ, ನೀವು ಒಯ್ಯಿರಿ ಅಣ್ಣಾರ. ನಾನೇನ ಹಿಡ್ಕೊಂಡ ಕುಂದ್ರತೇನಿ?" ಎಂದು ತಿಪ್ಪವ್ವನ ಮುಖ ನೋಡದೆ ಹೇಳಿದಳು.

ತಿಪ್ಪವ್ವ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ಬಾಯಿ ಕಟ್ಟಿದಳು.

"ಬ್ಯಾಡಪ್ಪಾ. ಅವ್ವ ಮಾರ್ಯಾಳ, ಹಂಗ ಇರ್ಲಿ. ಬಿಡಿಸ್ಕೊಂಡ್ರ ಆಕಿ ಮಾಡಿದ್ದೆಲ್ಲಾ ಕೆಟ್ಟ ಹೋಗ್ತೈತಿ."

ನಾನು ಅವಳಿಗೆ ತಿಳಿಹೇಳಬಹುದಾಗಿತ್ತು. ಇಪ್ಪತ್ತು ವರ್ಷ ಅವಳ ತಾಯಿಗೆ ತಿಳಿಹೇಳಿದವನು. ತೌಡನ್ನು ಕೋಳಿಗಳಿಗೆ ಸುರಿದು ಬಂದೆವು.

ಇಂದೂರಿನವರು ಬಂದ ದಿನ ಖತೀಜಾಬಿ ಹೇಳದೆ ಕೇಳದೆ ಬೆಳಗಿನ ಬಸ್ಸಿಗೇ ಬಂದು ಬಾಗಿಲ ಹತ್ತಿರ ಕುಳಿತಳು. ಹುಡುಗನನ್ನು ಕರೆದು, ಓಡಾಡಿಸಿ, "ಕಾಲು ಗಟ್ಟಿ ಅದಾವು" ಎಂದು ತೀರ್ಪು ಹೇಳಿದಳು. ಹುಡುಗನ ತಾಯಿ ತಾಯವ್ವ ಎಂಬಾಕೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರು ಯಾರ್ರಿ?"

"ತಾಯಿ" ಎಂದಳು ಖತೀಜಾಬಿ.

ಅಕ್ಕ ಶಿವಗಂಗವ್ವ ಕೆಮ್ಮಿದಳು. ತಾಯವ್ವ ನನ್ನ ಕಡೆ ತಿರುಗಿದಳು. ಎಲ್ಲರ ಕೈಯಲ್ಲಿ ಅವಲಕ್ಕಿಯ ತಟ್ಟೆ ನಿಂತುಹೋಯಿತು. ಇದು ಮುರಿದುಬೀಳುವ ಸಂಬಂಧ ಎಂದುಕೊಂಡೆ.

"ಹೌದ್ರಿ" ಎಂದೆ. "ನಾವು ಸಾಕಿದವ್ರು."

ನಡೆದದ್ದನ್ನೆಲ್ಲ ಹೇಳಿದೆ. ತಾಯವ್ವ ಕೊನೆಯ ತನಕ ಕೇಳಿದಳು. "ನಮ್ಮಾಂವನ್ನ ಕರಡಿ ಆಡ್ಸೂ ದರವೇಶಿಗೆ ಮಾರಿದ್ವಿರಿ. ಮೂರು ಸೇರು ಜ್ವಾಳಕ್ಕ" ಎಂದಳು. ಮಾಸ್ತರ ತಲೆ ತಗ್ಗಿಸಿದ. ತಟ್ಟೆಗಳು ಮತ್ತೆ ಅಲುಗಾಡಿದವು.

"ಇರ್ಲಿ. ಹುಡುಗಿಗೆ ಈಗ ಎಷ್ಟು?"

ಇಪ್ಪತ್ತೊಂದು ತುಂಬಿತ್ತು. ನನ್ನ ಬಾಯಿ ತಾನಾಗಿಯೇ, "ಇಪ್ಪತ್ತು" ಎಂದಿತು. ಅದೇ ಗಳಿಗೆಯಲ್ಲಿ ಬಾಗಿಲ ಕಡೆಯಿಂದ ಖತೀಜಾಬಿ, "ಹದಿನೆಂಟು" ಎಂದಳು.

ಬಂದವರೆಲ್ಲ ನಕ್ಕರು. ಹೆಣ್ಣಿನ ಕಡೆಯವರು ವರ್ಷ ಇಳಿಸುವುದು ಲೋಕರೂಢಿ ಎಂದು ಅವರು ತಿಳಿದರು. ತಾಯವ್ವನೂ ನಗುತ್ತ ತಿಪ್ಪವ್ವನ ಗಲ್ಲ ಹಿಡಿದು ಕೇಳಿದಳು: "ಅವ್ರಿಬ್ರೂ ಬ್ಯಾಡ. ನೀನ ಹೇಳವಾ. ಖರೇ ಎಷ್ಟು?"

ತಿಪ್ಪವ್ವ ಬಿ.ಎ. ಓದುತ್ತಿದ್ದ ಹುಡುಗಿ. ಕಾಲೇಜಿನಲ್ಲಿ ಮೂಢನಂಬಿಕೆಯ ಮೇಲೆ ಭಾಷಣ ಮಾಡಿ ಸ್ಟೀಲಿನ ಲೋಟ ಗೆದ್ದು ತಂದಿದ್ದಳು. ಆ ಲೋಟದಲ್ಲೇ ಆಗ ತಾಯವ್ವನಿಗೆ ನೀರು ಕೊಟ್ಟಿದ್ದಳು. ಅವಳು ನನ್ನನ್ನು ನೋಡಿದಳು, ಖತೀಜಾಬಿಯನ್ನು ನೋಡಿದಳು, ಆಮೇಲೆ ಒಂದು ಸಲ ಮಾಡಿನ ಕಡೆ ನೋಡಿ ತಲೆ ತಗ್ಗಿಸಿದಳು.

"ಅದನ್ನ ಹೇಳಬಾರ್ದಂತ ಅವ್ವ ಹೇಳ್ಯಾಳ್ರಿ" ಎಂದಳು.